ರಿಯಾಯಿತಿಯಲ್ಲಿ ಕೊಂಡ ಕಥಾ ಗೇಮ್‌ಗಳು ಮತ್ತು ಕೈಗೆ ಸಿಕ್ಕ ಕೆಲಸ

ಋತುಗಳ ಹೆಸರು ಹೊತ್ತು ವರ್ಷಕ್ಕೆ ನಾಲ್ಕು ಬಾರಿ ಬರುವ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ದೊಡ್ಡ ರಿಯಾಯಿತಿ ಮಾರಾಟಗಳಲ್ಲಿ ನಾನು ಕೊಳ್ಳುವುದು ಬಹುಮಟ್ಟಿಗೆ ಒಂದೇ ಬಗೆಯ ಗೇಮ್‌ಗಳನ್ನು. ಕಥೆಯೇ ಅವುಗಳ ಜೀವಾಳವಾಗಿರಬೇಕು, ಲೋಕವೆಲ್ಲ ಪಾತ್ರದ ಕಣ್ಣಿನಿಂದಲೇ ಕಾಣಬೇಕು, ಬಿಡುವಿನ ಒಂದೆರಡು ಸಂಜೆಗಳಲ್ಲಿ ಅಥವಾ ಹೆಚ್ಚೆಂದರೆ ಒಂದು ವಾರದಲ್ಲಿ ಆಡಿ ಮುಗಿಸುವಂತಿರಬೇಕು. ಹೊಸದಾಗಿ ಬಿಡುಗಡೆಯಾಗುವ ದೊಡ್ಡ ಗೇಮ್‌ಗಳ ಬೆಲೆ ಸಾವಿರಗಳ ಲೆಕ್ಕಕ್ಕೆ ಏರಿರುವಾಗ, ಹತ್ತಾರು ವರ್ಷ ಹಳೆಯದಾದ ಈ ಗೇಮ್‌ಗಳು ಶೇಕಡಾ 75ರಿಂದ 90ರಷ್ಟು ಬೆಲೆ ಇಳಿಸಿಕೊಂಡು ಸಿಗುತ್ತವೆ, ಮತ್ತು ಅವುಗಳಲ್ಲಿ ಅನೇಕವು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿಯೂ ತಡವರಿಸದೆ ನಡೆಯುತ್ತವೆ.

ಇಂಥ ಗೇಮ್‌ಗಳ ಮಾತು ಬಂದಾಗಲೆಲ್ಲ ಗೆಳೆಯರು ಒಂದು ಪ್ರಶ್ನೆ ಕೇಳುತ್ತಾರೆ: ಯಾರೋ ಒಬ್ಬರು ಮೊದಲಿನಿಂದ ಕೊನೆಯವರೆಗೆ ಆಡಿ ಯೂಟ್ಯೂಬ್‌ಗೆ ಹಾಕಿರುವ ಗೇಮನ್ನು ದುಡ್ಡು ಕೊಟ್ಟು ಏಕೆ ಕೊಳ್ಳಬೇಕು? ಗುಂಡು ಹಾರಿಸುವ ಚಾತುರ್ಯವಾಗಲಿ, ಗೆಲ್ಲುವ ಸೋಲುವ ಲೆಕ್ಕವಾಗಲಿ ಇಲ್ಲದ ಗೇಮ್‌ನಲ್ಲಿ ನೋಡುವುದಕ್ಕೂ ಆಡುವುದಕ್ಕೂ ವ್ಯತ್ಯಾಸವೇನು ಎಂಬುದು ಆ ಪ್ರಶ್ನೆಯ ತಿರುಳು. ಪ್ರಶ್ನೆ ನ್ಯಾಯವಾದದ್ದೇ. ಕೆಲವು ಗೇಮ್‌ಗಳ ಮಟ್ಟಿಗೆ ಏನೂ ವ್ಯತ್ಯಾಸವಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ನಾನು ಮೆಚ್ಚಿದ ಗೇಮ್‌ಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದಾಗ, ಅವುಗಳ ಕಥೆ ನನ್ನೊಳಗೆ ಇಳಿದದ್ದು ಆ ಕಥೆಯೊಳಗೆ ನನ್ನ ಕೈಗೆ ಒಂದು ಕೆಲಸ ಸಿಕ್ಕಿದ್ದರಿಂದ ಎಂದು ಖಚಿತವಾಗಿ ತೋರುತ್ತದೆ. ಆ ಕೆಲಸವನ್ನು ವಿಡಿಯೋದಲ್ಲಿ ನೋಡಬಹುದು, ಮಾಡಲಾಗುವುದಿಲ್ಲ. ಹಾಗಾಗಿ ಇಲ್ಲಿ ಗೇಮ್‌ಗಳ ಬಗ್ಗೆ ಬರೆಯುವಾಗ ಪ್ರತಿಯೊಂದಕ್ಕೂ ನಾನು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ: ಇದು ನನ್ನ ಕೈಗೆ ಏನು ಕೆಲಸ ಕೊಟ್ಟಿತು? ಕಥೆಯ ಗುಟ್ಟುಗಳನ್ನು ಆದಷ್ಟು ಬಿಟ್ಟುಕೊಡದೆ ಬರೆಯುತ್ತೇನೆ. ಆದರೂ ಒಂದೆರಡು ಸನ್ನಿವೇಶಗಳನ್ನು ವಿವರಿಸದೆ ಈ ಮಾತನ್ನು ಹೇಳಲಾಗದು.

ಮೊದಲು ಹೇಳಬೇಕಾದದ್ದು 'ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್' ಬಗ್ಗೆ. ಜೈಂಟ್ ಸ್ಪ್ಯಾರೋ ಎಂಬ ಸಣ್ಣ ತಂಡ 2017ರಲ್ಲಿ ಹೊರತಂದ ಈ ಗೇಮ್‌ಗೆ ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಅತ್ಯುತ್ತಮ ಗೇಮ್ ಪ್ರಶಸ್ತಿ ಬಂದಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಓರ್ಕಸ್ ದ್ವೀಪದಲ್ಲಿರುವ ಹಳೆಯ ಮನೆಗೆ ಹದಿನೇಳರ ಹುಡುಗಿ ಎಡಿತ್ ಹಿಂದಿರುಗುತ್ತಾಳೆ. ಆ ಮನೆತನದಲ್ಲಿ ಹುಟ್ಟಿದವರು ಒಬ್ಬೊಬ್ಬರಾಗಿ ಅಕಾಲದಲ್ಲಿ ಸತ್ತಿದ್ದಾರೆ. ಸತ್ತವರ ಕೋಣೆಗಳನ್ನು ಎಡಿತ್‌ಳ ತಾಯಿ ಮುಚ್ಚಿ ಭದ್ರಪಡಿಸಿದ್ದಾಳೆ, ಮುತ್ತಜ್ಜಿ ಆ ಬಾಗಿಲುಗಳಲ್ಲೇ ಇಣುಕುಕಿಂಡಿ ಕೊರೆದಿಟ್ಟಿದ್ದಾಳೆ. ಪ್ರತಿ ಕೋಣೆಯನ್ನು ಹೊಕ್ಕಾಗಲೂ ಆ ವ್ಯಕ್ತಿಯ ಕೊನೆಯ ಗಳಿಗೆಗಳನ್ನು ನಾವು ಆ ವ್ಯಕ್ತಿಯಾಗಿಯೇ ಕಳೆಯುತ್ತೇವೆ, ಮತ್ತು ಪ್ರತಿ ಬಾರಿಯೂ ಕೈಗೆ ಸಿಗುವ ಕೆಲಸ ಬೇರೆಯಾಗಿರುತ್ತದೆ. ಒಮ್ಮೆ ಜೋಕಾಲಿಯನ್ನು ಜೀಕಬೇಕು. ಇನ್ನೊಮ್ಮೆ ಸ್ನಾನದ ತೊಟ್ಟಿಯಲ್ಲಿ ಕೂಸಿನ ಆಟಿಕೆಯ ಕಪ್ಪೆಯನ್ನು ಕುಣಿಸಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಎಡಿತ್‌ಳ ಅಣ್ಣ ಲೂಯಿಸ್‌ನ ಕಥೆ. ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಪಕ್ಕದಿಂದ ಒಂದೊಂದೇ ಮೀನು ಜಾರಿ ಬರುತ್ತದೆ. ಬಲಗೈಯಿಂದ ಅದನ್ನು ಹಿಡಿದು, ಯಂತ್ರದ ಅಲಗಿನ ಕೆಳಗೆ ತಳ್ಳಿ, ತಲೆ ಕತ್ತರಿಸಿದ ಮೇಲೆ ಮುಂದಿನ ಪಟ್ಟಿಗೆ ಎಸೆಯಬೇಕು. ಮತ್ತೆ ಒಂದು ಮೀನು, ಮತ್ತೆ ಅದೇ ಮೂರು ಚಲನೆ. ಇದರ ನಡುವೆ ಲೂಯಿಸ್ ಕನಸು ಕಾಣತೊಡಗುತ್ತಾನೆ. ಪರದೆಯ ಒಂದು ಬದಿಯಲ್ಲಿ ಚಿಕ್ಕದೊಂದು ಕಲ್ಪಿತ ಲೋಕ ಮೂಡುತ್ತದೆ, ಅದರೊಳಗಿನ ಪುಟ್ಟ ಮನುಷ್ಯನನ್ನು ನಾವು ಎಡಗೈಯಿಂದ ನಡೆಸಬೇಕು. ಬಲಗೈ ಕಾರ್ಖಾನೆಯಲ್ಲಿ, ಎಡಗೈ ಕನಸಿನಲ್ಲಿ. ಅವನಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯೆ ತಾಯಿಗೆ ಬರೆದ ಪತ್ರ ಹಿನ್ನೆಲೆಯಲ್ಲಿ ಕೇಳಿಬರುತ್ತಿರುತ್ತದೆ, ಕನಸಿನ ಲೋಕ ಹಿಗ್ಗುತ್ತಾ ಹಿಗ್ಗುತ್ತಾ ಪರದೆಯನ್ನೆಲ್ಲ ಆವರಿಸುತ್ತದೆ, ಸಣ್ಣ ಚಕ್ರವ್ಯೂಹವಾಗಿದ್ದದ್ದು ನದಿ, ನಗರ, ಅರಮನೆಗಳಾಗಿ ಬೆಳೆಯುತ್ತದೆ, ಮೀನುಗಳು ಮಾತ್ರ ಬರುತ್ತಲೇ ಇರುತ್ತವೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಬಲಗೈ ನನ್ನ ಗಮನವಿಲ್ಲದೆಯೇ ಮೀನು ಕತ್ತರಿಸುತ್ತಿರುವುದು ನನಗೆ ತಿಳಿಯಿತು. ಮನುಷ್ಯನೊಬ್ಬ ತನ್ನ ದಿನಗಳಿಂದ ಹೇಗೆ ಜಾರಿ ಹೋಗುತ್ತಾನೆ ಎಂಬುದನ್ನು ಆ ಗೇಮ್ ನನಗೆ ಹೇಳಲಿಲ್ಲ. ನನ್ನ ಎರಡು ಕೈಗಳನ್ನು ಬೇರೆ ಮಾಡಿ ಅದನ್ನು ನನ್ನಿಂದಲೇ ಮಾಡಿಸಿತು. ಇದೇ ದೃಶ್ಯವನ್ನು ವಿಡಿಯೋದಲ್ಲಿ ನೋಡಿದವರಿಗೆ ಅದು ಸುಂದರವಾದ, ದುಃಖದ ಒಂದು ಕಿರುಚಿತ್ರ. ಅದಕ್ಕಿಂತ ಹೆಚ್ಚೇನೂ ಆಗಲಾರದು. ಇಡೀ ಗೇಮ್ ಎರಡು ಎರಡೂವರೆ ಗಂಟೆಗಳಲ್ಲಿ ಮುಗಿಯುತ್ತದೆ. ಒಂದೇ ಆಸನದಲ್ಲಿ ಕುಳಿತು ಆಡುವುದು ಒಳ್ಳೆಯದು, ಏಕೆಂದರೆ ಆ ಮನೆಯ ಒಳದಾರಿಗಳು ಮನಸ್ಸಿನಲ್ಲಿ ಒಂದಕ್ಕೊಂದು ಕೂಡಿಕೊಂಡಾಗಲೇ ವಂಶದ ಕಥೆಯೂ ಕೂಡಿಕೊಳ್ಳುತ್ತದೆ.

'ಫೈರ್‌ವಾಚ್' ಕೈಗೆ ಕೊಡುವ ಕೆಲಸ ಇಷ್ಟು ತೀಕ್ಷ್ಣವಾದದ್ದಲ್ಲ, ಆದರೆ ದೀರ್ಘವಾದದ್ದು. ಕ್ಯಾಂಪೋ ಸ್ಯಾಂಟೋ ತಂಡ 2016ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಈ ಗೇಮ್ ನಡೆಯುವುದು 1989ರ ಬೇಸಿಗೆಯಲ್ಲಿ, ವಯೋಮಿಂಗ್‌ನ ಶೋಶೋನ್ ರಾಷ್ಟ್ರೀಯ ಅರಣ್ಯದಲ್ಲಿ. ಹಿಂದಿನ ವರ್ಷವಷ್ಟೇ ಪಕ್ಕದ ಯೆಲ್ಲೋಸ್ಟೋನ್ ಕಾಳ್ಗಿಚ್ಚಿಗೆ ಸಿಕ್ಕಿ ಬೆಂದಿದೆ. ಎಳೆಯ ವಯಸ್ಸಿನಲ್ಲೇ ಮರೆವಿನ ರೋಗಕ್ಕೆ ತುತ್ತಾದ ಹೆಂಡತಿಯನ್ನು ಬಿಟ್ಟು ಬಂದ ಹೆನ್ರಿ, ಬೆಂಕಿ ಕಾಣಿಸಿದರೆ ತಿಳಿಸುವ ಕಾವಲುಗಾರನಾಗಿ ಕಾಡಿನ ನಡುವಿನ ಒಂಟಿ ಗೋಪುರಕ್ಕೆ ಸೇರುತ್ತಾನೆ. ಅವನಿಗಿರುವ ಒಂದೇ ಸಂಪರ್ಕ ಇನ್ನೊಂದು ಗೋಪುರದಲ್ಲಿರುವ ಮೇಲಧಿಕಾರಿ ಡಿಲೈಲಾಳ ದನಿ, ಅದೂ ವಾಕಿಟಾಕಿಯ ಮೂಲಕ.

ಈ ಗೇಮ್‌ನಲ್ಲಿ ನಕ್ಷೆ ಪರದೆಯ ಮೂಲೆಯಲ್ಲಿ ಇರುವುದಿಲ್ಲ. ಹೆನ್ರಿ ಅದನ್ನು ಕಾಗದವಾಗಿ ಒಂದು ಕೈಯಲ್ಲಿ, ದಿಕ್ಸೂಚಿಯನ್ನು ಇನ್ನೊಂದರಲ್ಲಿ ಹಿಡಿಯುತ್ತಾನೆ. ಕಾಡಿನಲ್ಲಿ ಅಲ್ಲಲ್ಲಿ ಇಟ್ಟಿರುವ ಸಾಮಾನು ಪೆಟ್ಟಿಗೆಗಳಿಗೆಲ್ಲ 1234 ಎಂಬ ಒಂದೇ ಬೀಗದ ಸಂಖ್ಯೆ. ಪೆಟ್ಟಿಗೆಯೊಳಗೆ ಸಿಗುವ ನಕ್ಷೆಯಲ್ಲಿನ ಹೊಸ ವಿವರಗಳನ್ನು ಹೆನ್ರಿ ತನ್ನ ನಕ್ಷೆಗೆ ಬರೆದುಕೊಳ್ಳುತ್ತಾನೆ. ಅದೇ ಪೆಟ್ಟಿಗೆಗಳಲ್ಲಿ ರಾನ್ ಮತ್ತು ಡೇವ್ ಎಂಬ ಇಬ್ಬರು ಒಬ್ಬರಿಗೊಬ್ಬರು ಬರೆದಿಟ್ಟ ಚೀಟಿಗಳು ಸಿಗುತ್ತಾ, ನಾವೆಂದೂ ಮುಖ ಕಾಣದ ಒಂದು ಸ್ನೇಹದ ಕಥೆ ಸದ್ದಿಲ್ಲದೆ ಬೆಳೆಯುತ್ತದೆ. ನಡೆಯುವುದು, ನಕ್ಷೆ ಬಿಡಿಸುವುದು, ಹಗ್ಗ ಕಟ್ಟಿ ಇಳಿಯುವುದು, ಬೀಗದ ಅಂಕಿ ತಿರುಗಿಸುವುದು ಎಂಬ ಈ ದಿನಚರಿಯೇ ಹೆನ್ರಿ ತನಗಾಗಿ ಆರಿಸಿಕೊಂಡ ಮರೆ. ಮನೆಯನ್ನು ನೆನೆಯದಿರಲು ಅವನಿಗೆ ಕೈತುಂಬ ಕೆಲಸ ಬೇಕಿತ್ತು. ಗೇಮ್ ಆ ಕೆಲಸವನ್ನೇ ನಮಗೂ ಹಚ್ಚುತ್ತದೆ.

ಡಿಲೈಲಾಳೊಂದಿಗಿನ ಮಾತುಕತೆಯೂ ಕೈಕೆಲಸವೇ. ಒಂದು ಗುಂಡಿ ಒತ್ತಿ ವಾಕಿಟಾಕಿ ಎತ್ತಿ, ಎರಡು ಮೂರು ಉತ್ತರಗಳಲ್ಲಿ ಒಂದನ್ನು ಸ್ವಲ್ಪ ಹೊತ್ತಿನೊಳಗೆ ಆರಿಸಬೇಕು. ಆರಿಸದಿದ್ದರೆ ಮೌನವೇ ಉತ್ತರವಾಗುತ್ತದೆ, ಆ ಮೌನವನ್ನು ಅವಳು ಗಮನಿಸುತ್ತಾಳೆ ಕೂಡ. ನಡೆಯುತ್ತಲೇ ಮಾತಾಡಬಹುದಾದ್ದರಿಂದ, ಇಳಿಜಾರಿನಲ್ಲಿ ಹೆಜ್ಜೆ ಹಾಕುತ್ತಾ ಹೆಂಡತಿಯ ಬಗ್ಗೆ ಕೇಳಿದ ಪ್ರಶ್ನೆಗೆ ಏನು ಹೇಳುವುದೆಂದು ಯೋಚಿಸುವುದರೊಳಗೆ ಹೊತ್ತು ಮೀರಿರುತ್ತದೆ. ಡಿಲೈಲಾಳಿಗೆ ದನಿ ಕೊಟ್ಟ ಸಿಸ್ಸಿ ಜೋನ್ಸ್ ಅವರಿಗೆ 2017ರಲ್ಲಿ ಬಾಫ್ಟಾ ಪ್ರಶಸ್ತಿ ಬಂದದ್ದು ಪೂರ್ತಿ ಯೋಗ್ಯವಾದದ್ದು. ಒಂದೇ ವಾಕ್ಯದೊಳಗೆ ತಮಾಷೆಯಿಂದ ಒಂಟಿತನಕ್ಕೆ ಇಳಿಯುವ ಆ ದನಿ ಇಲ್ಲದಿದ್ದರೆ ಈ ಗೇಮ್ ನಿಲ್ಲುತ್ತಿರಲಿಲ್ಲ. ದಾರಿಯಲ್ಲಿ ಒಂದು ಕ್ಯಾಮೆರಾ ಸಿಗುತ್ತದೆ. ಅದರಲ್ಲಿ ನಾವು ತೆಗೆದ ಚಿತ್ರಗಳೇ ಕೊನೆಯಲ್ಲಿ ಹೆಸರುಗಳು ಸರಿಯುವಾಗ ಕಾಣಿಸುತ್ತವೆ. ಬೇರೆಯವರು ಆಡಿದ ವಿಡಿಯೋದಲ್ಲಿ ಕಾಣುವುದು ಅವರ ಬೇಸಿಗೆ, ನಮ್ಮದಲ್ಲ.

ಫೈರ್‌ವಾಚ್‌ನ ಕೊನೆ ಅನೇಕರಿಗೆ ಹಿಡಿಸಿಲ್ಲ. ಗೂಢಚರ್ಯೆಯ ಕಥೆಯಂತೆ ಬಿಗಿಯಾಗುತ್ತಾ ಹೋಗುವ ನಡುಭಾಗ ಕೊನೆಗೆ ತೀರ ಸಾಮಾನ್ಯವಾದ, ದುಃಖಕರವಾದ ಒಂದು ಸತ್ಯಕ್ಕೆ ಬಂದು ನಿಲ್ಲುತ್ತದೆ ಎಂಬುದು ಅವರ ದೂರು. ನನಗೆ ಅದೇ ಸರಿ ಎನಿಸಿತು. ತಮ್ಮ ಬದುಕಿನಿಂದ ತಪ್ಪಿಸಿಕೊಂಡು ಬಂದ ಇಬ್ಬರು ತಮ್ಮ ಸುತ್ತ ದೊಡ್ಡದೊಂದು ಸಂಚು ನಡೆಯುತ್ತಿದೆ ಎಂದು ನಂಬಲು ಹವಣಿಸುವುದು ಸಹಜ. ಆ ನಂಬಿಕೆ ಕಳಚಿದ ಮೇಲೆ ಅವರು ಹಿಂದಿರುಗಬೇಕಾದದ್ದು ಬಿಟ್ಟುಬಂದ ಬದುಕಿಗೇ.

ಕೈಕೆಲಸದ ಅತ್ಯಂತ ಸೂಕ್ಷ್ಮ ಉದಾಹರಣೆ 2013ರ 'ಗಾನ್ ಹೋಮ್'. 1995ರ ಜೂನ್ ತಿಂಗಳ ಒಂದು ಮಳೆಯ ರಾತ್ರಿ, ಒಂದು ವರ್ಷದ ಯುರೋಪ್ ಪ್ರವಾಸ ಮುಗಿಸಿ ಕೇಟಿ ಮನೆಗೆ ಬರುತ್ತಾಳೆ, ಮನೆಯಲ್ಲಿ ಯಾರೂ ಇಲ್ಲ. ಒರೆಗಾನ್‌ನ ಆ ದೊಡ್ಡ ಮನೆಯ ಕಪಾಟು, ಮೇಜಿನ ಖಾನೆ, ಕಸದ ಬುಟ್ಟಿಗಳನ್ನು ತಡಕುತ್ತಾ ತಂಗಿ ಸ್ಯಾಮ್‌ಗೆ, ತಂದೆಗೆ, ತಾಯಿಗೆ ಈ ಒಂದು ವರ್ಷದಲ್ಲಿ ಏನಾಯಿತು ಎಂದು ತಿಳಿಯುವುದಷ್ಟೇ ಆಟ. ಇಲ್ಲಿ ಬಹುತೇಕ ಪ್ರತಿಯೊಂದು ವಸ್ತುವನ್ನೂ ಎತ್ತಿ ತಿರುಗಿಸಿ ನೋಡಬಹುದು, ನೋಡಿದ ಮೇಲೆ ಅದನ್ನು ಇದ್ದ ಜಾಗದಲ್ಲೇ ಇಡುವ ಅವಕಾಶವೂ ಇದೆ. ಇಡಲೇಬೇಕೆಂದು ಗೇಮ್ ಹೇಳುವುದಿಲ್ಲ. ನೆಲಕ್ಕೆ ಎಸೆದರೂ ಕೇಳುವವರಿಲ್ಲ. ಆದರೂ ತಂಗಿಯ ಕೋಣೆಯಲ್ಲಿ ಸಿಕ್ಕ ಗುಟ್ಟಿನ ಕಾಗದವೊಂದನ್ನು ಓದಿದ ಮೇಲೆ ನಾನು ಅದನ್ನು ಇದ್ದಂತೆಯೇ ಇಟ್ಟೆ, ಅಲ್ಲಿಂದ ಮುಂದೆ ಎಲ್ಲವನ್ನೂ ಹಾಗೆಯೇ ಇಡುತ್ತಾ ಹೋದೆ. ಹಿರಿಯಕ್ಕನೊಬ್ಬಳ ಮನಸ್ಸು ನನ್ನ ಕೈಗೆ ಬಂದದ್ದು ಹೀಗೆ. ಈ ಗೇಮ್ ಮಾಡಿದ ಫುಲ್‌ಬ್ರೈಟ್ ತಂಡವನ್ನು ಕಟ್ಟಿದವರು ಅದಕ್ಕೂ ಮುಂಚೆ 'ಬಯೋಶಾಕ್ 2'ರ 'ಮಿನರ್ವಾಸ್ ಡೆನ್' ಎಂಬ ಉಪಕಥೆಯಲ್ಲಿ ಕೆಲಸ ಮಾಡಿದ್ದರು. ಬಂದೂಕಿನ ಗೇಮ್‌ಗಳಲ್ಲಿ ಕೋಣೆಗಳನ್ನು ಕಥೆ ಹೇಳುವಂತೆ ಸಜ್ಜುಗೊಳಿಸಿ ಕಲಿತವರು ಬಂದೂಕನ್ನು ತೆಗೆದು ಕೋಣೆಗಳನ್ನಷ್ಟೇ ಉಳಿಸಿಕೊಂಡರು.

ಬಯೋಶಾಕ್ ಸರಣಿಯ ಮೊದಲ ಗೇಮ್ (2007) ಈ ಮಾತಿಗೆ ಒಳ್ಳೆಯ ಎದುರು ಸಾಕ್ಷಿ. ಸಮುದ್ರದ ತಳದಲ್ಲಿ ಕಟ್ಟಿದ ರ‍್ಯಾಪ್ಚರ್ ನಗರ, ಯಾವ ಸರ್ಕಾರದ, ಯಾವ ಧರ್ಮದ ಅಂಕೆಯೂ ಇಲ್ಲದೆ ಸಮರ್ಥರಷ್ಟೇ ಬಾಳಬೇಕೆಂಬ ಆಂಡ್ರ್ಯೂ ರಯಾನ್‌ನ ಹಂಬಲ, 1960ರ ಹೊತ್ತಿಗೆ ಆ ಹಂಬಲ ಕೊಳೆತು ನಾರುತ್ತಿರುವ ರೀತಿ, ಇವೆಲ್ಲ ಇಂದಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಕಥೆಯನ್ನು ಹೇಳುವುದು ಬಹುಮಟ್ಟಿಗೆ ಧ್ವನಿಮುದ್ರಿತ ದಿನಚರಿಗಳು. ಅವುಗಳನ್ನು ಕೇಳುತ್ತಿರುವಾಗ ನನ್ನ ಕೈ ಮಾಡುತ್ತಿರುವುದು ಗುಂಡು ಹಾರಿಸುವ, ಹೆಣಗಳ ಕಿಸೆ ತಡಕುವ ಕೆಲಸವನ್ನು. ಕಿವಿ ಒಂದು ಕಥೆಯಲ್ಲಿ, ಕೈ ಇನ್ನೊಂದರಲ್ಲಿ. ಇವೆರಡೂ ಕೂಡುವುದು ರಯಾನ್‌ನನ್ನು ಎದುರಾಗುವ ಆ ಹೆಸರಾಂತ ಘಟ್ಟದಲ್ಲಿ. ಅಲ್ಲಿ ಗೇಮ್ ನಮ್ಮ ಕೈಯಿಂದ ಹಿಡಿತವನ್ನು ಕಿತ್ತುಕೊಳ್ಳುತ್ತದೆ, ಹಾಗೆ ಕಿತ್ತುಕೊಂಡದ್ದೇ ಅಲ್ಲಿಯವರೆಗೆ ನಾವು ಮಾಡಿದ ಎಲ್ಲ ಕೆಲಸಕ್ಕೂ ಹೊಸ ಅರ್ಥ ಕೊಡುತ್ತದೆ. ಅದಾದ ಮೇಲಿನ ಗಂಟೆಗಳು ಆ ಎತ್ತರಕ್ಕೆ ಏರುವುದಿಲ್ಲ, ಕೊನೆಯ ಕಾಳಗವಂತೂ ಬೇರೆ ಯಾವುದೋ ಗೇಮ್‌ನದೆನಿಸುತ್ತದೆ. ಕಡಿಮೆ ಬೆಲೆಗೆ ಸಿಕ್ಕಾಗ ಆ ಒಂದು ಘಟ್ಟಕ್ಕಾಗಿಯೇ ಕೊಳ್ಳಬಹುದು.

ವಾಲ್ವ್ ಕಂಪನಿಯ ಹಳೆಯ ಗೇಮ್‌ಗಳು ರಿಯಾಯಿತಿಯಲ್ಲಿ ಹತ್ತನೆಯ ಒಂದು ಪಾಲು ಬೆಲೆಗೆ ಇಳಿಯುತ್ತವೆ, ಅವುಗಳಿಂದ ಕಲಿಯುವುದು ಬಹಳವಿದೆ. 2004ರ 'ಹಾಫ್-ಲೈಫ್ 2' ಶುರುವಾಗುವುದೇ ಕೈಯಲ್ಲಿ ಆಯುಧವಿಲ್ಲದೆ. ಸಿಟಿ 17 ಎಂಬ ಊರಿನ ರೈಲು ನಿಲ್ದಾಣದಲ್ಲಿ ಮುಖಗವಸು ಧರಿಸಿದ ಪೊಲೀಸಿನವನು ಡಬ್ಬಿಯೊಂದನ್ನು ನೆಲಕ್ಕೆ ಕೆಡವಿ, ಅದನ್ನೆತ್ತಿ ಕಸದ ತೊಟ್ಟಿಗೆ ಹಾಕೆಂದು ಆಜ್ಞಾಪಿಸುತ್ತಾನೆ. ಹಾಕಿದರೆ ನಕ್ಕು ದಾರಿ ಬಿಡುತ್ತಾನೆ. ಅವನ ಮೇಲೆಯೇ ಎಸೆದರೆ ಅಟ್ಟಿಸಿಕೊಂಡು ಬಂದು ಹೊಡೆಯುತ್ತಾನೆ. ವಸ್ತುಗಳನ್ನು ಎತ್ತುವುದು ಹೇಗೆಂದು ಕಲಿಸುವ ಪಾಠ ಇದು, ಅದೇ ಹೊತ್ತಿಗೆ ಈ ಊರಿನಲ್ಲಿ ಬದುಕುವುದೆಂದರೆ ಏನೆಂದು ತೋರಿಸುವ ಕಥೆಯೂ ಹೌದು. 'ಪೋರ್ಟಲ್' (2007) ಗೇಮ್‌ನ ಹೃದಯದ ಚಿಹ್ನೆಯ ಪೆಟ್ಟಿಗೆಯ ಹಿನ್ನೆಲೆಯೂ ಇಂಥದ್ದೇ. ಹದಿನೇಳನೆಯ ಪರೀಕ್ಷಾ ಕೊಠಡಿಯನ್ನು ದಾಟಲು ಒಂದೇ ಪೆಟ್ಟಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಹೊತ್ತೊಯ್ಯಬೇಕಿತ್ತು. ಬಿಡುಗಡೆಗೆ ಮುನ್ನ ಗೇಮನ್ನು ಪರೀಕ್ಷಿಸಲು ಆಡಿದವರು ಅದನ್ನು ನಡುವೆಯೇ ಬಿಟ್ಟು ಹೋಗುತ್ತಿದ್ದರು. ಹಾಗಾಗಿ ಅದರ ಮೇಲೆ ಹೃದಯ ಬರೆದು, ಅದನ್ನು ನಿನ್ನ ಸಂಗಾತಿ ಎಂದು ಕೊಠಡಿಗಳನ್ನು ನಡೆಸುವ ಯಂತ್ರ ಗ್ಲಾಡೋಸ್‌ಳ ಬಾಯಲ್ಲಿ ಹೇಳಿಸಿದರು ಎಂದು ಗೇಮ್‌ನೊಳಗಿನ ವ್ಯಾಖ್ಯಾನದಲ್ಲಿ ತಯಾರಕರೇ ವಿವರಿಸಿದ್ದಾರೆ. ಹೊರುವ ಕೆಲಸ ಹೆಚ್ಚಾದಷ್ಟೂ ಪ್ರೀತಿಯೂ ಹೆಚ್ಚುತ್ತದೆ. ಕೊಠಡಿಯ ಕೊನೆಯಲ್ಲಿ ಆ ಪೆಟ್ಟಿಗೆಗೆ ಏನು ಮಾಡಬೇಕಾಗುತ್ತದೆ ಎಂಬುದು ಆಡಿದವರಿಗೆ ಗೊತ್ತು.

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ತಂಡದ ಭಯಾನಕ ಗೇಮ್ 'ಸೋಮಾ' (2015) ಹೆದರುವವರಿಗೂ ತಕ್ಕದ್ದು ಎಂದು ಒತ್ತಿ ಹೇಳಬೇಕು. ಈ ತಂಡದ ಗೇಮ್‌ಗಳಲ್ಲಿ ಬಾಗಿಲು, ಖಾನೆಗಳು ಗುಂಡಿ ಒತ್ತಿದ ಮಾತ್ರಕ್ಕೆ ತೆರೆಯುವುದಿಲ್ಲ. ಹಿಡಿದು ಮೌಸನ್ನು ಎಳೆದಷ್ಟೇ ತೆರೆಯುತ್ತವೆ. ಆಚೆ ಏನಿದೆಯೋ ತಿಳಿಯದ ಬಾಗಿಲನ್ನು ಬೆರಳಗಲ ಸರಿಸಿ ಇಣುಕುವ ಭಯವನ್ನು ಬೇರೆ ಯಾವ ಗೇಮ್‌ನಲ್ಲೂ ನಾನು ಇಷ್ಟು ಅನುಭವಿಸಿಲ್ಲ. ಮನುಷ್ಯನ ಪ್ರಜ್ಞೆಯನ್ನು ಯಂತ್ರಕ್ಕೆ ನಕಲು ಮಾಡಿದರೆ ಆ ನಕಲು ಯಾರು, ಮೂಲ ಯಾರು ಎಂಬ ಪ್ರಶ್ನೆಯೇ ಕಥೆಯ ಬೇರು. ಆ ಪ್ರಶ್ನೆಗೆ ಉತ್ತರವಾಗಿ ಯಂತ್ರವೊಂದನ್ನು ನಿಲ್ಲಿಸಿಬಿಡುವ ಅಥವಾ ಹಾಗೆಯೇ ಬಿಡುವ ಕೆಲಸವನ್ನು ನಾವೇ ಮಾಡಬೇಕಾಗುತ್ತದೆ. ರಾಕ್ಷಸರು ಅಟ್ಟಿಬರುವುದು ಬೇಡವೆನ್ನುವವರಿಗಾಗಿ 2017ರ ಡಿಸೆಂಬರ್‌ನಲ್ಲಿ ಸುರಕ್ಷಿತ ಬಗೆಯೊಂದನ್ನು ಸೇರಿಸಿದರು; ಅದರಲ್ಲಿ ಅವು ಇರುತ್ತವೆ, ಕೊಲ್ಲುವುದಿಲ್ಲ. ಕಥೆಗಾಗಿ ಆಡುವವರು ಇದನ್ನೇ ಆರಿಸಿಕೊಳ್ಳಲಿ.

'ಡಿಯರ್ ಎಸ್ತರ್' (2012) ಮಾತ್ರ ಕೈಗೆ ಏನೂ ಕೊಡುವುದಿಲ್ಲ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪವೊಂದರಲ್ಲಿ ನಡೆಯುವುದು, ಒಬ್ಬನ ಪತ್ರಗಳ ತುಣುಕುಗಳನ್ನು ಕೇಳುವುದು, ಅಷ್ಟೇ. ಜೆಸ್ಸಿಕಾ ಕರಿ ಅವರ ಸಂಗೀತ, ಗುಹೆಯೊಳಗಿನ ನೀಲಿ ಬೆಳಕು ಮನೋಹರ. ಇದನ್ನು ವಿಡಿಯೋದಲ್ಲಿ ನೋಡಿದರೂ ನಷ್ಟ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಬೆಲೆಯ ಮಾತು. ಗಾನ್ ಹೋಮ್ ಬಂದಾಗ ಎರಡು ಮೂರು ಗಂಟೆಯ ಗೇಮ್‌ಗೆ 20 ಡಾಲರ್ ಹೆಚ್ಚಾಯಿತೆಂದು ಅನೇಕರು ಆಕ್ಷೇಪಿಸಿದ್ದರು. ಗಂಟೆಗೆ ಇಷ್ಟು ರೂಪಾಯಿ ಎಂದು ಲೆಕ್ಕ ಹಾಕುವ ಈ ರೂಢಿ ಚಿಕ್ಕ ಗೇಮ್‌ಗಳಿಗೆ ಮಾಡುವ ಅನ್ಯಾಯ ದೊಡ್ಡದು. ಲೂಯಿಸ್‌ನ ಮೀನು ಕಾರ್ಖಾನೆಯ ದೃಶ್ಯ ಕೆಲವೇ ನಿಮಿಷಗಳದ್ದು. ಅದನ್ನು ಒಂದು ಗಂಟೆಗೆ ಎಳೆದಿದ್ದರೆ ಅದು ಸತ್ತೇ ಹೋಗುತ್ತಿತ್ತು. 2015ರ ಜೂನ್‌ನಿಂದ ಸ್ಟೀಮ್‌ನಲ್ಲಿ ಜಾರಿಯಲ್ಲಿರುವ ನಿಯಮದಂತೆ, ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ ಗೇಮನ್ನು ಹಿಂದಿರುಗಿಸಿ ಹಣ ಪಡೆಯಬಹುದು. ಗೇಮ್ ತೆರೆಯದಿದ್ದಾಗ, ಲ್ಯಾಪ್‌ಟಾಪ್‌ನಲ್ಲಿ ನಡೆಯದಿದ್ದಾಗ ಇದು ನಮಗೆ ದೊಡ್ಡ ಆಸರೆ. ಆದರೆ ಪೂರ್ತಿ ಆಡಿ, ಮೆಚ್ಚಿ, ಎರಡು ಗಂಟೆ ದಾಟಿಲ್ಲವೆಂಬ ಕಾರಣಕ್ಕೆ ಹಿಂದಿರುಗಿಸುವವರೂ ಇದ್ದಾರೆ. 2021ರಲ್ಲಿ 'ಸಮ್ಮರ್ ಆಫ್ 58' ಎಂಬ ಚಿಕ್ಕ ಭಯಾನಕ ಗೇಮ್ ಮಾಡಿದ ಎಮಿಕಾ ಗೇಮ್ಸ್, ಇದೇ ಕಾರಣದಿಂದ ಗೇಮ್ ತಯಾರಿಕೆಯನ್ನು ಅನಿರ್ದಿಷ್ಟ ಕಾಲಕ್ಕೆ ಬಿಡುವುದಾಗಿ ಹೇಳಿತು. ರಿಯಾಯಿತಿಯಲ್ಲಿ ಕೊಳ್ಳುವುದು ತಯಾರಕರು ತಾವೇ ಒಪ್ಪಿ ಇಟ್ಟ ಬೆಲೆಯನ್ನು ಕೊಡುವುದು. ಆಡಿ ಮುಗಿಸಿ ಹಿಂದಿರುಗಿಸುವುದು ಅವರ ದುಡಿಮೆಯನ್ನು ಪುಕ್ಕಟೆ ಪಡೆಯುವುದು. ಇವೆರಡನ್ನು ಯಾರೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಕೊಳ್ಳುವ ಕ್ರಮದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಿಂದೆ ಸ್ಟೀಮ್‌ನಲ್ಲಿ ಕೆಲವೇ ಗಂಟೆಗಳ ಮಿಂಚಿನ ರಿಯಾಯಿತಿಗಳಿರುತ್ತಿದ್ದವು. 2015ರ ಕೊನೆಯಿಂದ ಅವು ನಿಂತು, ಈಗ ಮಾರಾಟದ ಮೊದಲ ದಿನದ ಬೆಲೆಯೇ ಕೊನೆಯ ದಿನದವರೆಗೂ ಇರುತ್ತದೆ. ಆದ್ದರಿಂದ ಆತುರಪಡಬೇಕಾದ್ದಿಲ್ಲ. ಬೇಕಾದ ಗೇಮ್‌ಗಳನ್ನು ವಿಶ್‌ಲಿಸ್ಟ್‌ಗೆ ಸೇರಿಸಿಟ್ಟರೆ ಬೆಲೆ ಇಳಿದಾಗ ಇಮೇಲ್ ಬರುತ್ತದೆ. ಪೂರ್ತಿ ಬೆಲೆ ಕೊಟ್ಟು ಕೊಂಡ ಬೆನ್ನಲ್ಲೇ ರಿಯಾಯಿತಿ ಶುರುವಾದರೆ, ಅದನ್ನು ಹಿಂದಿರುಗಿಸಿ ಕಡಿಮೆ ಬೆಲೆಗೆ ಮತ್ತೆ ಕೊಳ್ಳುವುದನ್ನು ಆ ಅಂಗಡಿಯ ನಿಯಮವೇ ಒಪ್ಪುತ್ತದೆ. ನಾನು ಒಂದು ಮಾರಾಟದಲ್ಲಿ ಆಡಬಲ್ಲಷ್ಟನ್ನೇ ಕೊಳ್ಳುತ್ತೇನೆ, ಆಡಿ ಮುಗಿಸುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ.

ಹೀಗೆ ಪಾತ್ರದ ಕಣ್ಣಿನಿಂದಲೇ ನೋಡುವ ಫಸ್ಟ್ ಪರ್ಸನ್ ಗೇಮ್‌ಗಳಿಗೆ ಹೊಸಬರಾದವರಿಗೆ ತಲೆಸುತ್ತು, ವಾಕರಿಕೆ ಬರುವುದುಂಟು. ಈ ಕಾರಣಕ್ಕೆ ಆಡುವುದನ್ನೇ ಬಿಟ್ಟವರು ನನಗೆ ಗೊತ್ತು. ನೋಟದ ಕೋನ ಕಿರಿದಾಗಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಹಾಫ್-ಲೈಫ್ 2ರಲ್ಲಿ ಅದು ಮೊದಲಿಗೆ 75 ಡಿಗ್ರಿಯಷ್ಟೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎಫ್‌ಒವಿ ಎಂದಿರುವುದನ್ನು 90ಕ್ಕೆ ಏರಿಸಿದರೆ ಬಹಳ ಮಂದಿಗೆ ಹಗುರವಾಗುತ್ತದೆ. ನಡೆಯುವಾಗ ತಲೆ ಅಲುಗುವ ಪರಿಣಾಮ ಹಾಗೂ ಚಲನೆಯ ಮಸುಕನ್ನು ನಿಲ್ಲಿಸುವ ಅವಕಾಶವಿದ್ದರೆ ನಿಲ್ಲಿಸಬೇಕು, ಕೋಣೆಯ ದೀಪ ಹಾಕಿರಬೇಕು, ಪರದೆಯಿಂದ ತುಸು ಹಿಂದೆ ಕೂರಬೇಕು. ನಾನು ಇಲ್ಲಿ ಹೆಸರಿಸಿದ ಯಾವ ಗೇಮ್‌ನಲ್ಲೂ ಕನ್ನಡದ ಅಡಿಬರಹವಿಲ್ಲ. ಇಂಗ್ಲಿಷ್ ಅಡಿಬರಹಗಳನ್ನು ಹಾಕಿಕೊಂಡೇ ಆಡುವುದು ಒಳ್ಳೆಯದು, ಅದರಲ್ಲೂ ಫೈರ್‌ವಾಚ್‌ನಲ್ಲಿ, ಏಕೆಂದರೆ ಡಿಲೈಲಾ ಮಾತಾಡುವುದು ವೇಗವಾಗಿ, ಉತ್ತರಕ್ಕೆ ಸಿಗುವ ಹೊತ್ತೂ ಕಡಿಮೆ.

ಒಂದನ್ನೇ ಕೊಳ್ಳುವುದಾದರೆ ಯಾವುದೆಂದು ಕೇಳುವವರಿಗೆ ನನ್ನ ಉತ್ತರ ಎಡಿತ್ ಫಿಂಚ್. ಅದು ಮನೆಯವರ ಸಾವುಗಳ ಕಥೆ, ಅದರಲ್ಲಿ ಮಕ್ಕಳ ಸಾವೂ ಇದೆ. ಈಚೆಗೆ ಯಾರನ್ನಾದರೂ ಕಳೆದುಕೊಂಡವರು ಅದನ್ನು ಮುಂದಿನ ಮಾರಾಟಕ್ಕೆ ಬಿಟ್ಟು, ಈ ಬಾರಿ ಫೈರ್‌ವಾಚ್ ಅಥವಾ ಪೋರ್ಟಲ್ ಕೊಳ್ಳಲಿ.